ಡಾಕ್ಟರು ಕೇಳಿದ್ದು ಚೆನ್ನಾಗಿದ್ದ ದಿನಗಳ ಬಗ್ಗೆ

ನಮ್ಮ ಬೀದಿಯಲ್ಲಿ ಯಾರಾದರೂ ಕಾಲು ಮುರಿದುಕೊಂಡರೆ ಹತ್ತು ಜನ ಬಂದು ವಿಚಾರಿಸುತ್ತಾರೆ. ಒಬ್ಬರು ಊಟ ತರುತ್ತಾರೆ, ಇನ್ನೊಬ್ಬರು ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾರೆ. ನನ್ನ ಹೆಂಡತಿ ಏಳು ವಾರ ಹಾಸಿಗೆ ಬಿಟ್ಟು ಏಳದಿದ್ದಾಗ ಮಾತ್ರ, ಬಂದವರು ಬಾಗಿಲಲ್ಲೇ ನಿಂತು, "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕಪ್ಪ" ಎಂದು ಹೇಳಿ ಹೋದರು. ಅವರನ್ನು ಬಯ್ಯುವ ಹಕ್ಕು ನನಗಿಲ್ಲ. ಆ ಮಾತನ್ನು ಮೊದಲು ಆಡಿದವನು ನಾನೇ.

ನಾನು ಬಸ್ ಚಾಲಕ. ನನ್ನ ಹೆಂಡತಿ ವೆಲ್ಡಿಂಗ್ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ಕಂಬಿ, ಎಲ್ಲವನ್ನೂ ಮಾಡುತ್ತಾಳೆ. ಅಪ್ಪನಿಂದ ಕಲಿತ ವಿದ್ಯೆ. ಬೀದಿಯವರು ಅವಳನ್ನು ಕರೆಯುವುದು ವೆಲ್ಡಿಂಗ್ ಅಕ್ಕ ಎಂದು. ಅವಳು ಬೆಸೆದ ಗೇಟು ಕಳಚಬೇಕಾದರೆ ಮೊದಲು ಗೋಡೆ ಬೀಳಬೇಕು ಎನ್ನುತ್ತಾರೆ. ಒಮ್ಮೆ ಲಾರಿಯೊಂದು ಗುದ್ದಿದಾಗ ಹಾಗೇ ಆಯಿತು ಕೂಡ. ಗೋಡೆ ಬಿತ್ತು, ಗೇಟು ಗೇಟಾಗಿಯೇ ಇತ್ತು.

ಎರಡು ವರ್ಷದ ಹಿಂದೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಅವಳಿಗೆ ಇದ್ದಕ್ಕಿದ್ದಂತೆ ಹುರುಪು ಬಂತು. ನಾಲ್ಕು ಗೇಟು ಹಿಡಿಯುವ ಅಂಗಡಿಗೆ ಹತ್ತೊಂಬತ್ತು ಗೇಟಿನ ಕೆಲಸ ಒಪ್ಪಿಕೊಂಡಳು, ಅದೂ ಅರ್ಧ ಬೆಲೆಗೆ. ದಿನಕ್ಕೆ ಎರಡು ಗಂಟೆ ನಿದ್ದೆ ಮಾಡಿದರೆ ಹೆಚ್ಚು. ಆದರೂ ದಣಿವೇ ಇಲ್ಲ. ಮಾತಿನ ವೇಗ ಹೇಗಿತ್ತೆಂದರೆ ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಹಿಮ್ಮಡಿ ತುಳಿಯುತ್ತಿತ್ತು. ಒಂದು ದಿನ ನಾನು ಕೆಲಸ ಮುಗಿಸಿ ಬಂದು ನೋಡಿದರೆ ಹಿತ್ತಲಲ್ಲಿ ಕಬ್ಬಿಣದ ಸುರುಳಿ ಮೆಟ್ಟಿಲು ಎದ್ದು ನಿಂತಿದೆ. ನಮ್ಮದು ಒಂದೇ ಅಂತಸ್ತಿನ ಮನೆ, ಇಳಿಜಾರು ಸೂರು. ಹತ್ತಿ ಹೋದರೆ ಕಾಲಿಡಲು ಜಾಗವಿಲ್ಲ.

"ಮೆಟ್ಟಿಲೇನೋ ಇದೆ. ಮಹಡಿ ಎಲ್ಲಿ?" ಎಂದು ಕೇಳಿದೆ.

"ಮೆಟ್ಟಿಲಿದ್ರೆ ಮಹಡಿ ತಾನಾಗೇ ಬರುತ್ತೆ" ಎಂದಳು.

ನಾನು ನಕ್ಕೆ. ಸಂತೋಷವೂ ಆಗಿತ್ತು. ಕೈತುಂಬ ಕೆಲಸ, ಮುಖದ ತುಂಬ ನಗು, ಇನ್ನೇನು ಬೇಕು ಎಂದುಕೊಂಡೆ.

ಆಮೇಲೆ ಅವಳು ಕುಸಿದಳು. ಕಾದ ಕಬ್ಬಿಣದ ಮೇಲೆ ನೀರು ಹೊಯ್ದ ಹಾಗೆ ಎಲ್ಲವೂ ಒಮ್ಮೆಗೇ ಆರಿತು. ಅಂಗಡಿ ಮುಚ್ಚಿತು. ಗೇಟಿನವರು ಬಂದು ಜಗಳ ಆಡಿ ಹೋದರು. ಬೀದಿ ಕೊನೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಬೇಜಾರು, ನಿದ್ದೆ ಇಲ್ಲ, ಊಟ ಸೇರಲ್ಲ" ಎಂದೆವು. ಹುರುಪಿನ ದಿನಗಳ ಮಾತನ್ನು ನಾವು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಮೂರು ವಾರಕ್ಕೆ ಅವಳು ಎದ್ದು ಕೂತಳು. ಹಾಗೇ ಮೇಲೆ ಮೇಲೆ ಹೋದಳು. ಮೊದಲಿನದು ಗಾಳಿಯಾದರೆ ಇದು ಬಿರುಗಾಳಿ. ಮಗಳ ಸೈಕಲನ್ನು ದಾರಿಯಲ್ಲಿ ಹೋಗುತ್ತಿದ್ದ ಯಾರಿಗೋ ಕೊಟ್ಟುಬಿಟ್ಟಳು. ಇಪ್ಪತ್ತು ಜನ ಕೆಲಸ ಮಾಡುವಷ್ಟು ದೊಡ್ಡ ಶೆಡ್ಡನ್ನು ಬಾಡಿಗೆಗೆ ಹಿಡಿದು ಸಹಿ ಹಾಕಿ ಬಂದಳು. ಬೇಡ ಅಂದಿದ್ದಕ್ಕೆ ನನ್ನ ಮೇಲೆ ಸುತ್ತಿಗೆ ಎತ್ತಿದಳು. ಹದಿಮೂರು ವರ್ಷದ ಸಂಸಾರದಲ್ಲಿ ಒಂದು ಕೆಟ್ಟ ಮಾತು ಆಡಿದವಳಲ್ಲ.

ಅದರ ನಂತರ ಬಂದದ್ದೇ ಆ ಏಳು ವಾರ.

ಒಂದು ಮಧ್ಯಾಹ್ನ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಮಗಳು ತಾನೇ ಜಡೆ ಹಾಕ್ಕೊಳ್ಳೋದು ಕಲಿತ್ಳು. ಇನ್ನು ನಾನಿಲ್ದಿದ್ರೂ ನಡೆಯುತ್ತೆ."

ನನಗೆ ಕೇಳಿಸಿತು. ಕೇಳಿಸದವನಂತೆ ಲೋಟ ತೊಳೆಯಲು ಹೋದೆ.

ಅದೇ ದಿನ ಲಸಿಕೆ ಅಕ್ಕ ಬಂದರು. ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಅವರು ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿ ಆ ಹೆಸರು ಪಡೆದವರು. ಅವರನ್ನು ಕಂಡರೆ ದೊಡ್ಡವರೂ ತೋಳು ಮುಚ್ಚಿಕೊಳ್ಳುತ್ತಾರೆ. ಕೇಂದ್ರದ ಬೀರುವಿನ ಕದ ಕಳಚಿದೆ, ಬೆಸೆದು ಕೊಡಬೇಕು ಎಂದು ಬಂದಿದ್ದರು. ಬೀಗ ಹಾಕಿದ ಅಂಗಡಿ ನೋಡಿದರು, ನನ್ನ ಮುಖ ನೋಡಿದರು.

"ಎಷ್ಟು ದಿನದಿಂದ ಹೀಗೆ?"

"ಏನಿಲ್ಲ ಅಕ್ಕ, ಸ್ವಲ್ಪ ಸುಸ್ತು."

"ಸುಸ್ತಾಗಿರೋದು ಅವಳು. ಬಿಳಿಚ್ಕೊಂಡಿರೋದು ನೀನು. ಹೇಳು."

ಹೇಳಿದೆ. ಮಧ್ಯಾಹ್ನದ ಮಾತನ್ನೂ ಹೇಳಿದೆ. ಅವರು ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತರು. ಕೈ ಹಿಡಿದುಕೊಂಡು, "ಸಾಯ್ಬೇಕು ಅನ್ನಿಸ್ತಿದ್ಯಾ ನಿಂಗೆ?" ಎಂದು ಕೇಳಿದರು.

ನಾನು ಅವರನ್ನು ಬಾಗಿಲಿಗೆ ಕರೆದು, "ಅಂಥ ಮಾತು ಯಾಕೆ ಆಡಿದ್ರಿ? ಇಲ್ಲದ್ದನ್ನ ತಲೆಗೆ ಹಾಕಿದ ಹಾಗಾಗಲ್ವಾ?" ಎಂದೆ.

"ಕೇಳೋದ್ರಿಂದ ಯಾರ ತಲೆಗೂ ಹೋಗಲ್ಲ ತಮ್ಮಾ. ಒಳಗಿರೋದು ಹೊರಗೆ ಬರುತ್ತೆ, ಅಷ್ಟೆ" ಎಂದರು.

ಒಳಗೆ ನನ್ನ ಹೆಂಡತಿ ಅಳುತ್ತಿದ್ದಳು. ಏಳು ವಾರದಲ್ಲಿ ಮೊದಲ ಸಲ. "ಹೂಂ, ಅನ್ಸುತ್ತೆ" ಎಂದಳು. "ಯಾರೂ ಕೇಳ್ಲಿಲ್ಲ."

"ಇವತ್ತೇ ದೊಡ್ಡಾಸ್ಪತ್ರೆಗೆ ಹೋಗೋಣ" ಎಂದರು ಲಸಿಕೆ ಅಕ್ಕ. "ನಾಳೆ ಅಲ್ಲ."

"ಮನಸ್ಸಿನ ವಿಭಾಗಕ್ಕಾ?" ಎಂದೆ ನಾನು. "ಅಲ್ಲಿ ಯಾರಾದ್ರೂ ನೋಡಿದ್ರೆ ಹುಚ್ಚಿ ಅಂತ ಹಣೆಪಟ್ಟಿ ಕಟ್ತಾರೆ ಅಕ್ಕ."

"ನೋಡೋರೂ ಅಲ್ಲಿಗೆ ತೋರಿಸ್ಕೊಳ್ಳೋಕೇ ಬಂದಿರ್ತಾರೆ. ನಡಿ."

ಅಲ್ಲಿಯ ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಕಷ್ಟದ ದಿನಗಳನ್ನೆಲ್ಲ ಕೇಳಿಸಿಕೊಂಡ ಮೇಲೆ ಅವರು ಕೇಳಿದ ಪ್ರಶ್ನೆ ನಮ್ಮನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. "ಇದಕ್ಕೆ ತದ್ವಿರುದ್ಧವಾದ ದಿನಗಳೂ ಇದ್ವಾ? ನಿದ್ದೆ ಬೇಡ, ದಣಿವಿಲ್ಲ, ತಲೆತುಂಬ ಯೋಜನೆ, ಹಾಗೆ?"

ಅವಳು ತಲೆ ಎತ್ತಿದಳು. "ಅದು ಕಾಯಿಲೆ ಅಲ್ಲ ಡಾಕ್ಟ್ರೇ. ಅದು ನಾನು ಚೆನ್ನಾಗಿದ್ದ ದಿನ."

"ಆ ಚೆನ್ನಾಗಿದ್ದ ದಿನಗಳ ಬಗ್ಗೆನೇ ಹೇಳಿ."

ನಾನು ಹೇಳಿದೆ. ಹತ್ತೊಂಬತ್ತು ಗೇಟು, ಮಹಡಿಯಿಲ್ಲದ ಮೆಟ್ಟಿಲು, ಸೈಕಲ್, ಶೆಡ್ಡು, ಸುತ್ತಿಗೆ. ಮದುವೆಯಾದ ನಾಲ್ಕನೇ ವರ್ಷದಲ್ಲೂ ಒಮ್ಮೆ ಹೀಗಾಗಿದ್ದು ಆಗ ನೆನಪಾಯಿತು, ಅದನ್ನೂ ಹೇಳಿದೆ. ಡಾಕ್ಟರು ಎಲ್ಲ ಬರೆದುಕೊಂಡು, ರಕ್ತ ಪರೀಕ್ಷೆ ಮಾಡಿಸಿ, ಇನ್ನೂ ಎರಡು ಸಲ ಕೂರಿಸಿಕೊಂಡು ಮಾತಾಡಿ, ಆಮೇಲೆ ಹೆಸರು ಹೇಳಿದರು: ಬೈಪೋಲಾರ್. ಮನಸ್ಸು ತೀರಾ ಮೇಲೇರುವುದು, ತೀರಾ ಕೆಳಗಿಳಿಯುವುದು, ಎರಡೂ ಒಂದೇ ಕಾಯಿಲೆಯ ಎರಡು ಮುಖ. ಇಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಮನಸ್ಸು ಇನ್ನೊಂದು ಕಡೆಗೆ ಹಾರುವುದುಂಟು ಎಂದರು.

"ಹಾಗಾದ್ರೆ ನಾನು ಸೋಮಾರಿ ಅಲ್ವಾ?" ಎಂದು ಅವಳು ಕೇಳಿದಳು. ಹಾಗೆ ಅಂದವನೂ ನಾನೇ.

"ಇಷ್ಟು ಹೊತ್ಕೊಂಡು ಇಷ್ಟು ವರ್ಷ ಅಂಗಡಿ ನಡೆಸಿದ್ದೀರ. ಸೋಮಾರಿ ಕೈಲಿ ಆಗೋ ಕೆಲಸ ಅಲ್ಲಮ್ಮ" ಎಂದರು ಡಾಕ್ಟರು.

ಈ ಏರಿಳಿತ ತಡೆಯುವ ಲಿಥಿಯಂ ಎಂಬ ಮಾತ್ರೆ ಶುರುವಾಯಿತು. ಅದರ ಮಟ್ಟ ನೋಡಲು ಆಗಾಗ ರಕ್ತ ಪರೀಕ್ಷೆ. ಬೆಂಕಿಯ ಮುಂದೆ ಬೆವರುವ ಕೆಲಸವಾದ್ದರಿಂದ ನೀರು ಚೆನ್ನಾಗಿ ಕುಡಿಯಬೇಕು, ಉಪ್ಪನ್ನು ಒಮ್ಮೆಗೇ ಬಿಡಬಾರದು, ಬೆನ್ನು ನೋವೆಂದು ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು, ವಾಂತಿಭೇದಿಯೋ ಜೋರು ನಡುಕವೋ ಬಂದರೆ ಕೂಡಲೇ ಬರಬೇಕು ಎಂದು ಹೇಳಿ ಕಳಿಸಿದರು. ಅವಳು ದಿನವೂ ಒಂದು ಪುಸ್ತಕದಲ್ಲಿ ನಿದ್ದೆ ಎಷ್ಟು, ಮನಸ್ಸು ಹೇಗೆ ಎಂದು ಒಂದು ಸಾಲು ಬರೆಯತೊಡಗಿದಳು.

ಎರಡು ತಿಂಗಳಿಗೆ ಕೈ ಸಣ್ಣಗೆ ನಡುಗತೊಡಗಿತು. ವೆಲ್ಡಿಂಗ್ ಮಾಡುವವರ ಕೈ ನಡುಗಿದರೆ ಬೆಸುಗೆ ಹುಳ ಹರಿದ ಹಾಗೆ ಬರುತ್ತದೆ. ಅವಳು ತನ್ನ ಬೆಸುಗೆಯನ್ನೇ ಉಜ್ಜಿ ತೆಗೆದು ಮತ್ತೆ ಬೆಸೆದಳು, ಮತ್ತೂ ಹಾಗೇ ಬಂತು.

"ಈಗ ಹುಷಾರಾದ್ಯಲ್ಲ. ಬಿಟ್ಬಿಡು ಆ ಮಾತ್ರೆ" ಎಂದೆ ನಾನು.

"ಪ್ರೈಮರ್ ಹೊಡೆದ ಮೇಲೆ ಗೇಟು ತುಕ್ಕು ಹಿಡೀಲಿಲ್ಲ ಅಂತ ಯಾರಾದ್ರೂ ಪ್ರೈಮರ್ ಕೆರೆದು ತೆಗೀತಾರಾ?" ಎಂದಳು. "ಡಾಕ್ಟ್ರಿಗೆ ಹೇಳ್ತೀನಿ. ಕೈ ನನ್ದು, ತಲೆನೂ ನನ್ದು. ಎರಡೂ ಬೇಕು ನಂಗೆ."

ಹೇಳಿದಳು. ಡಾಕ್ಟರು ರಕ್ತ ನೋಡಿ ಪ್ರಮಾಣ ಬದಲಿಸಿದರು. ನಡುಕ ಪೂರ್ತಿ ಹೋಗಲಿಲ್ಲ, ಕೆಲಸ ಮಾಡುವಷ್ಟು ಇಳಿಯಿತು. ಅವಳು ಮೊಣಕೈಯನ್ನು ಮರದ ದಿಮ್ಮಿಗೆ ಊರಿಕೊಂಡು ಬೆಸೆಯುವುದನ್ನು ಹೊಸದಾಗಿ ಅಭ್ಯಾಸ ಮಾಡಿದಳು. ಇಪ್ಪತ್ತು ವರ್ಷ ಕೈಗೆ ಒಗ್ಗಿದ ಕೆಲಸವನ್ನು ಮೊದಲ ಅಕ್ಷರದಿಂದ ಕಲಿಯುವುದೆಂದರೆ ಸುಮ್ಮನೆಯೇ?

ಆದರೆ ಹೊಟ್ಟೆಪಾಡು ಕಾಯುವುದಿಲ್ಲ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಬೇಡ ಎಂದಿದ್ದರು ಡಾಕ್ಟರು. ಆಸ್ಪತ್ರೆಗೆ ಹೋದ ದಿನ ನನ್ನ ಸಂಬಳವೂ ಕಟ್. ಕಾಯಿಲೆಯಿಂದ ದುಡಿಯಲಾಗದವರಿಗೆ ನೆರವು ಸಿಗುತ್ತದೆ, ಅರ್ಜಿ ಹಾಕಿ ಎಂದು ಲಸಿಕೆ ಅಕ್ಕ ಹೇಳಿದರು. ಅರ್ಜಿ ಕೊಡಲು ಹೋದಾಗ ಕಚೇರಿಯ ಗುಮಾಸ್ತ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಕೈಕಾಲು ಗಟ್ಟಿಯಾಗೇ ಇದೆಯಲ್ಲಮ್ಮ" ಎಂದ. ಹದಿನೈದು ದಿನಕ್ಕೆ ತಿರಸ್ಕಾರದ ಪತ್ರ ಬಂತು.

ನನಗೆ ಸಾಕಾಗಿತ್ತು. "ಭಿಕ್ಷೆ ಬೇಡೋದು ಬೇಡ ಬಿಡು."

"ಇದು ಭಿಕ್ಷೆ ಅಲ್ಲ" ಎಂದರು ಲಸಿಕೆ ಅಕ್ಕ. "ಕಾಲು ಮುರಿದಿದ್ರೆ ಕೇಳ್ತಿರಲಿಲ್ವಾ? ಮೇಲ್ಮನವಿ ಹಾಕಿ. ಈ ಸಲ ಡಾಕ್ಟ್ರ ಪತ್ರ, ಇವಳು ದಿನಾ ಬರೆದ ಪುಸ್ತಕ, ಎರಡನ್ನೂ ಇಡಿ. ಜೊತೆಗೆ ನೀನು ಒಂದು ಪತ್ರ ಬರಿ. ಅವಳ ಒಳ್ಳೆ ದಿನದ್ದಲ್ಲ. ಅತಿ ಕೆಟ್ಟ ದಿನ ಹೇಗಿರುತ್ತೆ ಅಂತ ಬರಿ."

ಬರೆದೆ. ಅಡುಗೆಮನೆಯಲ್ಲಿ ಕೂತು ಅವಳಿಗೆ ಓದಿ ಹೇಳಿದೆ. ಮರ್ಯಾದೆಗೆ ಅಂಜಿ ಒಂದೆರಡು ವಿಷಯ ಬಿಟ್ಟಿದ್ದೆ. ಅವಳು ಪೂರ್ತಿ ಕೇಳಿ, "ಹನ್ನೊಂದು ದಿನ ನಾನು ಸ್ನಾನ ಮಾಡಲಿಲ್ಲ. ಅದನ್ನ ಬರೆದಿಲ್ಲ ನೀನು" ಎಂದಳು.

"ಅದನ್ನ ಹೇಗೆ ಬರೀಲಿ?"

"ಮಾಡೋಕೆ ಆಗ್ಲಿಲ್ಲ ಅಂತ ಬರಿ. ಸುತ್ತಿಗೆ ವಿಷಯನೂ ಬರಿ. ನಿಜ ಅರ್ಧ ಹೇಳಿದ್ರೆ ಸಹಾಯನೂ ಅರ್ಧ ಸಿಗುತ್ತೆ."

ನಾನು ಬಸ್ಸಿನಲ್ಲಿ ದಿನಕ್ಕೆ ಸಾವಿರ ಮುಖ ನೋಡುವವನು. ಇಂಥ ಧೈರ್ಯ ನೋಡಿರಲಿಲ್ಲ.

ವಿಚಾರಣೆಯ ದಿನ ಮೇಜಿನ ಆಚೆ ಮೂವರು ಅಧಿಕಾರಿಗಳು. ನಡುವೆ ಇದ್ದ ಹೆಂಗಸು ಕಾಗದ ತಿರುವಿ ಹಾಕುತ್ತ, "ಇವತ್ತು ನೀವು ಚೆನ್ನಾಗೇ ಕಾಣ್ತೀರಲ್ಲ" ಎಂದರು.

ನನ್ನ ಹೆಂಡತಿಯ ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. "ಮೇಡಂ, ನಾನು ಎದ್ದು ಬರೋಕೆ ಆದ ದಿನ ಮಾತ್ರ ನೀವು ನನ್ನ ನೋಡ್ತೀರ. ಬರೋಕೆ ಆಗದ ದಿನ ನೋಡ್ಬೇಕು ಅಂದ್ರೆ ನೀವೇ ನಮ್ಮನೆಗೆ ಬರಬೇಕಾಗುತ್ತೆ. ಆ ದಿನಗಳನ್ನ ಪುಸ್ತಕದಲ್ಲಿ ಬರೆದಿದ್ದೀನಿ. ಬರೆಯೋಕೂ ಆಗದ ದಿನ ಖಾಲಿ ಇದೆ. ಆ ಖಾಲಿ ಹಾಳೆನೂ ಎಣಿಸ್ಕೊಳ್ಳಿ."

ಆ ಅಧಿಕಾರಿ ಪುಸ್ತಕ ತೆಗೆದುಕೊಂಡು ಹಾಳೆ ಹಾಳೆಯಾಗಿ ನೋಡಿದರು. ನಿಜಕ್ಕೂ ಖಾಲಿ ಹಾಳೆಗಳನ್ನು ಬೆರಳಿಟ್ಟು ಎಣಿಸಿದರು. ನೆರವು ಒಂದು ವರ್ಷಕ್ಕೆ ಮಂಜೂರಾಯಿತು. ರಕ್ತ ಪರೀಕ್ಷೆಗೂ ಮಾತ್ರೆಗೂ ಖರ್ಚಿಲ್ಲ ಎಂದಾಯಿತು. ಶ್ರೀಮಂತರೇನೂ ಆಗಲಿಲ್ಲ. ಮನೆ ಬಾಡಿಗೆಯ ದಿನ ಬಂದರೆ ಅವರಿವರಲ್ಲಿ ಕೈಸಾಲ ಕೇಳುವುದು ನಿಂತಿತು.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಳೆದ ಚಳಿಗಾಲದಲ್ಲಿ ಮತ್ತೆ ಎರಡು ದಿನ ನಿದ್ದೆ ಕಡಿಮೆಯಾಯಿತು, ಮಾತು ಬಿರುಸಾಯಿತು. ಆದರೆ ಈ ಸಲ ಅವಳೇ ಪುಸ್ತಕ ನೋಡಿ, "ಯಾಕೋ ಮೇಲೆ ಹೋಗ್ತಿದ್ದೀನಿ ಅನ್ಸುತ್ತೆ. ಗೇಟಿಗೆ ಯಾರಾದ್ರೂ ಮುಂಗಡ ಕೊಟ್ರೆ ನೀನು ಇಟ್ಕೋ. ನಾಳೆ ಆಸ್ಪತ್ರೆಗೆ ಹೋಗೋಣ" ಎಂದಳು. ಹೋದೆವು. ಐದು ದಿನದಲ್ಲಿ ಇಳಿಯಿತು. ನಾನೂ ಕಲಿತೆ. ನಗು ಕಂಡರೆ ಅನುಮಾನಪಡುವುದಲ್ಲ, ನಿದ್ದೆ ಬಂತಾ ಎಂದು ಕೇಳುವುದು.

ಹೋದ ತಿಂಗಳು ಪಕ್ಕದ ಬೀದಿಯ ಕ್ಷೌರಿಕ ಕಿಟಕಿಗೆ ಸರಳು ಬೇಕೆಂದು ಬಂದ. ಅಳತೆ ಕೊಟ್ಟ ಮೇಲೂ ಹೋಗದೆ ನಿಂತ. ಕೊನೆಗೆ ದನಿ ತಗ್ಗಿಸಿ, "ನನ್ನ ತಮ್ಮ ಅಕ್ಕ... ಒಂದು ತಿಂಗಳು ರಾಜ, ಒಂದು ತಿಂಗಳು ಹೆಣ" ಎಂದ. ಅವಳು ಮೆಷಿನ್ ಆರಿಸಿ, ಮುಖದ ಕವಚ ತೆಗೆದಿಟ್ಟು, ಅವನಿಗೆ ಸ್ಟೂಲು ಎಳೆದು ಕೊಟ್ಟಳು. "ಕೂತ್ಕೋ. ರಾಜನಾಗಿದ್ದ ತಿಂಗಳಿಂದ ಶುರು ಮಾಡು" ಎಂದಳು. ಆ ತಮ್ಮನಿಗೂ ಈಗ ಚಿಕಿತ್ಸೆ ನಡೆಯುತ್ತಿದೆ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಮನೆಯಲ್ಲೂ ಹೀಗೆ ಏರಿ ಇಳಿಯುವವರು ಇರಬಹುದು. ಅದು ನೀವೇ ಆಗಿರಬಹುದು. ಡಾಕ್ಟರ ಮುಂದೆ ಬೇಜಾರಿನ ದಿನಗಳ ಜೊತೆ ಹುರುಪಿನ ದಿನಗಳನ್ನೂ ಹೇಳಿ, ಅರ್ಧ ಕಥೆಗೆ ಸರಿಯಾದ ಔಷಧಿ ಸಿಗುವುದಿಲ್ಲ. ಹುಷಾರಾಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ತೊಂದರೆ ಕೊಟ್ಟರೆ ಹೋಗಿ ಹೇಳಿ. ನೆರವು ಕೇಳಲು ನಾಚಬೇಡಿ, ಒಮ್ಮೆ ಇಲ್ಲ ಎಂದರೆ ಮತ್ತೊಮ್ಮೆ ಕೇಳಿ. ಮತ್ತು ಯಾರಾದರೂ "ನಾನಿಲ್ಲದಿದ್ರೂ ನಡೆಯುತ್ತೆ" ಎಂದರೆ, ನನ್ನ ಹಾಗೆ ಲೋಟ ತೊಳೆಯಲು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನನಗೆ ಲಸಿಕೆ ಅಕ್ಕ ಸಿಕ್ಕರು. ನಿಮ್ಮ ಬೀದಿಯಲ್ಲಿ ಕೇಳುವವರು ಯಾರೂ ಇಲ್ಲದಿದ್ದರೆ, ನೀವು ಕೇಳಿ.