ರಾಣಿ ಹೆಸರಿಗೆ ತಲೆಕಟ್ಟು

ಬೈಲಹೊಂಗಲದ ಬಜಾರದಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಲ್ಲಿಕಸಾಬನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಹಳೆಯ ರಾಣಿ ರೂಪಾಯಿ ಖರೆಯೋ ಖೋಟಾವೋ ಎಂದು ಕೇಳಲು ಸವದತ್ತಿಯಿಂದಲೂ ಜನ ಅವನ ಹತ್ತಿರವೇ ಬರುತ್ತಿದ್ದರು.

ತೊಂಬತ್ತೆಂಟರ ಬೇಸಿಗೆಯಲ್ಲಿ ಸಂಗೊಳ್ಳಿಯ ದುರ್ಗಪ್ಪ ಅಂಥದ್ದೊಂದು ರೂಪಾಯಿ ತಂದ. ಮಗಳು ಸಂಘಮಿತ್ರಾಳ ಮದುವೆಯಲ್ಲಿ ಅವಳ ಕೊರಳಿಗೆ ಹಾಕಬೇಕಾದ ಸರದ ನಾಣ್ಯ ಅದು. ಜೊತೆಗೆ ಬಂದವನು ವರನ ಸೋದರಮಾವ, ತೊರಗಲ್ಲಿನ ಭೀಮಶಿ. ರೂಪಾಯಿಯ ಅಕ್ಷರದ ಮೇಲೆ ಅವನಿಗೆ ಸಂಶಯ. ನಾಣ್ಯ ಖೋಟಾ ಆದರೆ ಸಂಬಂಧವೂ ಬೇಡ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದ.

ಮಲ್ಲಿಕಸಾಬ ಕಣ್ಣಿಗೆ ಭೂತಗನ್ನಡಿ ಹಿಡಿದ. ಇಂಗ್ಲಿಷಿನಲ್ಲಿ ವಿಕ್ಟೋರಿಯಾ ಎಂದಿದ್ದ ಅಕ್ಷರಗಳೆಲ್ಲ ಬಳಸಿದ ಸಾಬೂನಿನಂತೆ ಸವೆದಿದ್ದವು. ನಡುವಿನ ಓ ಮಾತ್ರ ಚೂಪಾಗಿ ನಿಂತಿತ್ತು. ಅದರ ಸುತ್ತ ಬೆಳ್ಳಿ ತಗ್ಗಾಗಿ, ಉಳಿಯ ಗೀರು ಕಾಣುತ್ತಿತ್ತು. ಸಾಲದ್ದಕ್ಕೆ ಅದರ ನೆತ್ತಿಗೊಂದು ತಲೆಕಟ್ಟು. ಇಂಗ್ಲಿಷ್ ಓ ಹೋಗಿ ಕನ್ನಡದ ರ ಆಗಿತ್ತು.

“ಈ ಅಕ್ಷರ ಹಿಂದಿಂದ ಕೊರದದ್ದು. ಬಿಲಾಯ್ತಿ ರಾಣಿ ಹೆಸರಿಗೆ ತಲಿಕಟ್ಟು ಹಾಕ್ಯಾನ, ಯಾ ಕತ್ತೀಮಗ ಇಂವಾ?”

ದುರ್ಗಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. “ನೀವ ಕೊರದದ್ದರಿ, ಸಾಬರ. ಹಿಂದಕ್ಕೊಮ್ಮೆ ಸರದ ಕೊಂಡಿ ಕಿತ್ತಾಗ ಅಕ್ಷರ ಅಳಿಸಿತ್ತು. ನೀವ ತಿದ್ದಿಕೊಟ್ರಿ.”

ಮಲ್ಲಿಕಸಾಬ ಉರಿದುಬಿದ್ದ. ಮೂವತ್ತು ವರ್ಷ ಉಳಿ ಹಿಡಿದ ಕೈ ಇದು, ಇಂಥದ್ದು ಮಾಡುವುದಿಲ್ಲ ಎಂದು ಕೂಗಾಡಿದ. ಹಾಗಾದರೆ ರೂಪಾಯಿಯೇ ಖೋಟಾ ಎಂದು ಭೀಮಶಿ ಚಪ್ಪಲಿ ಮೆಟ್ಟಿಕೊಂಡ. ದುರ್ಗಪ್ಪನ ಮುಖ ಬಾಡಿತು. ಒಂದು ಓ ಕೊರೆದು ತೋರಿಸಿಬಿಡಿ, ನನ್ನ ಮಗಳ ಮದುವೆ ಉಳಿಯುತ್ತದೆ ಎಂದು ಬೇಡಿಕೊಂಡ.

ಮಲ್ಲಿಕಸಾಬ ಹಿತ್ತಾಳೆಯ ಹಳೆಯ ಮುಚ್ಚಳವೊಂದನ್ನು ಎಳೆದುಕೊಂಡ. ಉಸಿರು ಬಿಗಿಹಿಡಿದು ಕೊರೆದ. ಸುತ್ತು ಚಂದವಾಗಿ ಕೂಡಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಉಳಿ ತಾನಾಗಿ ಮೇಲೇರಿ, ಟಕ್ಕೆಂದು ತಲೆಕಟ್ಟು ಎಳೆದೇಬಿಟ್ಟಿತು. ದಿನಕ್ಕೆ ನೂರು ಸಲ ಕನ್ನಡ ಕೊರೆಯುವ ಕೈ; ಸುತ್ತು ಕಂಡರೆ ಬರಿತಲೆಯಲ್ಲಿ ಬಿಡಲಾರದು.

ಭೀಮಶಿ ಭೂತಗನ್ನಡಿ ಕಸಿದುಕೊಂಡು ಮುಚ್ಚಳ ನೋಡಿದ, ರೂಪಾಯಿ ನೋಡಿದ. ಒಂದೇ ತಾಯಿಯ ಮಕ್ಕಳು. ರಾಣಿ ಖರೆ, ರಿಪೇರಿಯಷ್ಟೇ ಸಾಬನದು ಎಂದು ಒಪ್ಪಿಕೊಂಡು ಮತ್ತೆ ಚಪ್ಪಲಿ ಬಿಟ್ಟು ಕುಳಿತ.

“ಲಗ್ನದ ಪಾತ್ರಿ-ಭಾಂಡೆಕ್ಕೂ ಇವರ ಕಡೆನ ಹೆಸರು ಹಾಕಸೂಣು, ಬೀಗರ,” ಎಂದು ದುರ್ಗಪ್ಪನಿಗೆ ಹೇಳಿದ. “ಕನ್ನಡದಾಗ ಅಷ್ಟ.”

ಮಲ್ಲಿಕಸಾಬ ಆಗಲೇ ಹಲ್ಲು ಕಚ್ಚಿ ಇನ್ನೊಂದು ಮುಚ್ಚಳ ಹುಡುಕುತ್ತಿದ್ದ.