ಅಕ್ಕಿಯ ಮುಯ್ಯಿ

ಆಷಾಢದ ಮಳೆ ಹಿಡಿದಿತ್ತು. ಖಾನಾಪುರದ ಆಚೆ ಚನ್ನಗೌಡರ ಗದ್ದೆಯಲ್ಲಿ ಹೆಂಗಸರು ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ನಾಟಿಯ ಕೊನೆಯ ದಿನ. ಮೊದಲ ದಿನದಿಂದಲೂ ಕರೆಯದೆ ಬರುತ್ತಿದ್ದ ಸತ್ಯವ್ವ ಇವತ್ತೂ ಸಾಲಿನ ತುದಿಯಲ್ಲಿದ್ದಳು.

ಬೇಸಿಗೆಯಲ್ಲಿ ಅವಳ ಗಂಡ ಕಾಲು ಮುರಿದುಕೊಂಡಾಗ ಗೌಡರು ಒಂದು ಚೀಲ ಅಕ್ಕಿ ಕೊಟ್ಟಿದ್ದರು. ಬೆಳಗಾವಿಯಿಂದ ಫೋಟೋದವನನ್ನು ಕರೆಸಿ, ಚೀಲದ ಮುಂದೆ ಅವಳಿಂದ ಕೈ ಮುಗಿಸಿ, ಆ ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಬಂದವರಿಗೆಲ್ಲ ತೋರಿಸುತ್ತಿದ್ದರು.

ಸಂಜೆ ಅಂಗಳದಲ್ಲಿ ಗೌಡರು ಅಷ್ಟೂ ದಿನದ ಕೂಲಿ ಹಂಚುವಾಗ ಸತ್ಯವ್ವ ಕೈ ಚಾಚಲಿಲ್ಲ.

“ಯಾಕ, ರೊಕ್ಕ ಬ್ಯಾಡೇನ?”

“ನಿಮ್ಮ ಅಕ್ಕಿ ಮುಯ್ಯಿ ದುಡಿದು ತೀರಿಸೇನ್ರಿ.”

“ಅದು ದಾನ, ಹುಚ್ಚಿ! ಕೊಟ್ಟು ದುಡಿಸಿಕೊಂಡ ಅಂತ ಮಂದಿ ನನ್ನ ಆಡಿಕೊಳ್ಳಲೇನು? ತಗೋ!”

“ಆಡಿಕೊಳ್ಳಲಿ ಬಿಡ್ರಿ. ನನಗೇನು ಕಡಿಮಿ ಆಡಿಕೊಂಡಾರ? ಈಗ ಆ ಫೋಟೋ ಇಳಸ್ರಿ.”

“ನನ್ನ ಮನಿ, ನನ್ನ ಗ್ವಾಡಿ. ನೀ ಯಾರು ಹೇಳಾಕಿ?”

ಹೆಂಗಸರು ಯಾರೂ ಹೊರಡದೆ ನಿಂತಿದ್ದರು. ಸತ್ಯವ್ವ ಕೆಸರುಗಾಲಲ್ಲೇ ಪಡಸಾಲೆ ಹತ್ತಿದಳು. ಚಿತ್ರವನ್ನು ಇಳಿಸಿ, ಬೋರಲು ಹಾಕಿ ನೆಲಕ್ಕಿಟ್ಟಳು.

“ತೀರಿತ್ರಿ, ಗೌಡ್ರ,” ಎಂದು ಮಳೆಗೆ ಇಳಿದಳು.