ಆಸ್ರಿಗೆ ಬೇಕಾ

ಫ್ಯಾನ್ ನಿಂತಿತು, ಪೂರ್ತಿ ನಿಲ್ಲಲಿಲ್ಲ, ಮೂರು ರೆಕ್ಕೆಗಳು ಬೇರೆ ಬೇರೆಯಾಗಿ ಕಾಣುವಷ್ಟು ನಿಧಾನವಾಯಿತು, ಹೋಯಿತಲ್ಲ ಕರೆಂಟು, ಡೊಂಬಿವಲಿಯ ಮೇ ತಿಂಗಳ ಮಧ್ಯಾಹ್ನ, ಇಷ್ಟು ಜನ ಒಂದೇ ಸಮಾಜಮಂದಿರದಲ್ಲಿ, ಬೆವರೂ ಪೌಡರೂ ಸೇರಿ ಒಂದೇ ವಾಸನೆ — ವಿನೋದಾ ಸೆರಗಿನಿಂದ ಕತ್ತು ಒರೆಸಿಕೊಂಡಳು, ಪಕ್ಕದಲ್ಲಿ ಚಂದ್ರಬಾಯಿ ಕರಪತ್ರವನ್ನೇ ಬೀಸಣಿಗೆ ಮಾಡಿಕೊಂಡಿದ್ದಾಳೆ, ಪುಣ್ಯಾತಗಿತ್ತಿ, ಅರ್ಧ ಗಾಳಿ ವಿನೋದಾಳ ಕಡೆಗೇ ಬರುವ ಹಾಗೆ ಬೀಸುತ್ತಾಳೆ. ಮೈಕು ಸತ್ತರೂ ನಗರಸೇವಕರು, ವಾರ್ಡಿನ ಕಾರ್ಪೊರೇಟರು, ಮರಾಠಿಯಲ್ಲಿ ಹೇಳುತ್ತಲೇ ಇದ್ದಾರೆ, ಪಾಲಿಕೆ ಒಂದು ಠರಾವು ತರಬೇಕೆಂದಿದೆ, ಯುದ್ಧಕ್ಕೆ ಹೆದರಿ ಓಡಿ ಬಂದವರನ್ನು ದಿಲ್ಲಿಯ ಕಚೇರಿ ಏನಾದರೂ ತೀರ್ಮಾನಿಸುವವರೆಗೆ ಈ ಮಂದಿರದಲ್ಲೇ ಇರಲು ಬಿಡುವುದು, ಮಕ್ಕಳಿಗೆ ಪಾಲಿಕೆಯ ಶಾಲೆ, ಕಾಗದ ಎಲ್ಲಿ ಅಂತ ಯಾರೂ ಕಾಡಬಾರದು, ಆದರೆ ವಾರ್ಡಿನ ಜನ ಒಪ್ಪಿದರೆ ಮಾತ್ರ. ಆ ಜನ ಅಲ್ಲೇ ಗೋಡೆಗೆ ಒರಗಿ ಕೂತಿದ್ದಾರೆ, ಕಾಬೂಲಿನ ಕಡೆಯ ಎರಡು ಸಂಸಾರ, ತಮ್ಮ ಬಗ್ಗೆಯೇ ನಡೆಯುತ್ತಿರುವ ಮಾತು ಒಂದಕ್ಷರ ತಿಳಿಯದೆ, ಯಾರು ಎದ್ದರೆ ಅವರ ಮುಖ ನೋಡುತ್ತಾ. ಹೊರಡುವಾಗ ಗಂಡ ಹರಿಶ್ಚಂದ್ರ ಹೇಳಿಯೇ ಕಳಿಸಿದ್ದ, ಹೋಯಿ ಕೂಕೊ, ಬಾಯ್ ಬಿಡೂಕ್ ಹೋಬೇಡ, ನಾವೇ ಹೊರ್ಗಿನೋರ್ ಅಲ್ದಾ ಇಲ್ಲಿ — ಸರಿ ಮಾರಾಯ, ಬಾಯಿಗೆ ಬೀಗ, ಅಂದಿದ್ದಳು.

ಮುಂದಿನ ಸಾಲಿನಲ್ಲಿ ಶಶಿಕಾಂತ್ ಎದ್ದ, ಬಿಜಾಪುರದ ಕಡೆಯವ, ಸ್ಟೇಶನ್ ರಸ್ತೆಯಲ್ಲಿ ಬಟ್ಟೆ ಅಂಗಡಿ, ಮರಾಠಿಯಲ್ಲಿ ಗುಡುಗಿ ಕೂತವನು ತಿರುಗಿ ಇವಳಿಗೆ ಕನ್ನಡದಲ್ಲೂ ಒಂದು ಕೊಟ್ಟ, ಅಲ್ರೀ ವಿನೋದಕ್ಕಾ, ನಳಕ್ಕ ನೀರ ಬರೂದು ಒಂದ ತಾಸು, ಅದರಾಗ ಇವ್ರಿಗೂ ಪಾಲ ಕೊಡೂದೇನ್ರಿ, ಯಾವ ಮನಿತನದವ್ರೋ ಏನೋ — ಅವನ ಮಾತು ಪೂರ್ತಿ ಸುಳ್ಳೂ ಅಲ್ಲ, ನೀರಿನ ಕಷ್ಟ ಅವಳಿಗೆ ಗೊತ್ತಿಲ್ಲವೇ. ಚಂದ್ರಬಾಯಿಗೂ ಸಿಟ್ಟು, ಮೊಮ್ಮಗಳ ಮದುವೆಯ ಹಳದಿಗೆ, ಅರಿಶಿನದ ಶಾಸ್ತ್ರಕ್ಕೆ, ಇದೇ ಮಂದಿರ ಬೇಕು, ಇವರು ಬಂದು ಕೂತರೆ ನನ್ನ ನೆಂಟರನ್ನು ರಸ್ತೆಯಲ್ಲಿ ಕೂರಿಸಲೇ ಅಂತ ದಾರಿಯುದ್ದಕ್ಕೂ ಗೊಣಗಿದ್ದಳು, ವಿನೋದಾ ಹೂಂಗುಟ್ಟಿದ್ದಳು, ಚಂದ್ರಬಾಯಿ ಏನು ಹೇಳಿದರೂ ಅವಳು ಹೂಂಗುಟ್ಟುವವಳೇ, ಆ ಋಣ ಅಂಥದ್ದು, ಆ ಪ್ರಳಯದ ಜುಲೈ, ಊರಿಂದ ಬಂದು ವರ್ಷವೂ ಆಗಿಲ್ಲ, ಚಾಳಿನ ಕೆಳಗಿನ ಖೋಲಿ, ಹರಿಶ್ಚಂದ್ರ ಮಹಾಪೆಯ ಕ್ಯಾಂಟೀನಿನಲ್ಲಿ ಸಿಕ್ಕಿಬಿದ್ದಿದ್ದಾನೆ, ನೀರು ಹೊಸಿಲು ದಾಟುತ್ತದೆ, ಮಂಚದ ಕಾಲು ಮುಳುಗುತ್ತದೆ, ಮಗಳು ಇಂಚರ ಇನ್ನೂ ಮೊಲೆ ಬಿಡದ ಕೂಸು, ಅದನ್ನು ಎದೆಗವಚಿಕೊಂಡು ನಿಂತವಳ ರಟ್ಟೆಯನ್ನು ಮೇಲಿನ ಮನೆಯ ಹೆಂಗಸು, ಇದೇ ಚಂದ್ರಬಾಯಿ, ಬಂದು ಹಿಡಿದೆಳೆಯುತ್ತಾಳೆ, ಒಂದು ಒಣಸೀರೆ, ಒಂದು ತಟ್ಟೆ ಬಿಸಿ ಅನ್ನ, ಒಣಸಿಗಡಿ ಚಟ್ನಿ — ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ಕೇಳಿದ್ದರೂ ಆಗ ಇವಳಿಗೆ ತಿಳಿಯುತ್ತಿರಲಿಲ್ಲ ಅನ್ನಿ, ಖೋಲಿ ಒಣಗುವವರೆಗೆ ಅಲ್ಲೇ ಇದ್ದರು, ಯಾವಾಗ ಹೋಗುತ್ತೀ ಎಂಬ ಮಾತು ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ದಿನಾ ಕಾದಳು, ಬರಲೇ ಇಲ್ಲ. ಇಂಚರ ಈಗ ಹೈಸ್ಕೂಲು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಇರಲಿ, ಬದುಕಿ ಎದುರು ವಾದಿಸುತ್ತದಲ್ಲ, ಅಷ್ಟು ಸಾಕು. ಇವತ್ತಿಗೂ ಹಬ್ಬದ ಮೊದಲ ಕಡುಬು ಚಂದ್ರಬಾಯಿಯ ಮನೆಗೇ ಹೋಗುತ್ತದೆ.

ಕಣ್ಣು ಎಳೆಯುತ್ತದೆ, ಸೆಕೆಗೋ ಬೀಸಣಿಗೆಯ ಗಾಳಿಗೋ, ಮಾತುಗಳೆಲ್ಲ ದೂರ ಹೋಗುತ್ತವೆ, ಕುಂದಾಪುರದ ಮನೆಯ ಜಗಲಿಯಲ್ಲಿ ಅಮ್ಮ ನಿಂತಿದ್ದಾಳೆ, ಬಿಸಿಲಲ್ಲಿ ಯಾರು ಬಂದರೂ, ಬಳೆಗಾರನಾಗಲಿ ಪೋಸ್ಟಿನವನಾಗಲಿ, ಅಮ್ಮನ ಮೊದಲ ಮಾತು ಆಸ್ರಿಗೆ ಬೇಕಾ, ಬಾಯಾರಿಕೆಗೆ ಬೇಕಾ ಅಂತ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು, ಅದು ಕೊಟ್ಟ ಮೇಲೆಯೇ ಯಾರು ಏನು ಎಂಬ ವಿಚಾರಣೆ — ಹ್ಯಾಂನಾ ಆಸರಾ ಕೋಣ್ ದೇಣಾರ್? ವೇದಿಕೆಯಿಂದ ನಗರಸೇವಕರ ಕೂಗು, ಹಾತ್ ವರ್ ಕರಾ, ಇವರಿಗೆ ಆಸ್ರಿಗೆ ಯಾರು ಕೊಡುತ್ತೀರಿ, ಕೈ ಎತ್ತಿ, ಅಯ್ಯೋ ಪಾಪ, ಈ ಸೆಕೆಯಲ್ಲಿ ಇಷ್ಟು ಹೊತ್ತು ಒಂದು ಹನಿ ನೀರೂ ಕೊಟ್ಟಿಲ್ಲವೇ, ಎಂಥಾ ಜನ, ವಿನೋದಾ ಚೀಲದಿಂದ ನೀರಿನ ಬಾಟಲಿ ತೆಗೆದು ಎದ್ದುನಿಂತು ಅದನ್ನು ಹಿಡಿದ ಕೈಯನ್ನೇ ಎತ್ತಿದಳು, ಮೀ ದೇತೇ, ನಾನು ಕೊಡುತ್ತೇನೆ, ಗಟ್ಟಿಯಾಗಿಯೇ ಹೇಳಿದಳು. ಬೇರೆ ಒಂದು ಕೈಯೂ ಮೇಲಿಲ್ಲ. ಬಾಟಲಿ ಕಂಡು ಶಶಿಕಾಂತನಿಗೆ ನಗು ತಡೆಯಲಾಗಲಿಲ್ಲ, ವಿನೋದಕ್ಕಾ, ಅವ್ರ ಕೇಳಿದ್ದು ನೀರಲ್ರೀ, ಆಸರಾ, ಇರಾಕ ಜಾಗಾ, ಕೈ ಇಳಸ್ರಿ.

ಆಸರಾ, ಆಸರೆ, ಗೊತ್ತಿಲ್ಲದ ಶಬ್ದವೇನಲ್ಲ, ನಿದ್ದೆಗಣ್ಣಿನಲ್ಲಿ ಊರಿನ ಭಾಷೆ ಮೊದಲು ಓಡಿಬಂದುಬಿಟ್ಟಿತು, ಕಿವಿಯೆಲ್ಲ ಬಿಸಿ, ಇಳಿಸಬೇಕು, ಇಳಿಸಿದರೆ ಎಲ್ಲರೂ ನಕ್ಕು ಮರೆಯುತ್ತಾರೆ, ಹರಿಶ್ಚಂದ್ರನಿಗೂ ತಿಳಿಯುವುದಿಲ್ಲ, ಇಳಿಸದಿದ್ದರೆ ಚಂದ್ರಬಾಯಿಯ ಹಳದಿಗೆ ಕಲ್ಲು ಹಾಕಿದ ಹಾಗೆ, ಅನ್ನ ಕೊಟ್ಟವಳಿಗೇ ಎದುರು ನಿಂತ ಹಾಗೆ — ಆದರೆ ಅನ್ನ ಕೊಟ್ಟ ದಿನ ಚಂದ್ರಬಾಯಿ ಯಾರನ್ನು ಕೇಳಿ ಕೊಟ್ಟಳು, ಚಾಳಿನವರ ಕೈ ಎಣಿಸಿದಳೇ? ಕೈ ಇಳಿಯಲಿಲ್ಲ. ಇಳಿಸಲಿಲ್ಲ ಅನ್ನಬೇಕು. ಗೋಡೆಯ ಬಳಿಯಿಂದ ಒಂದು ಪುಟ್ಟ ಹುಡುಗಿ ಎದ್ದು ಬಂತು, ಠರಾವು ಗಿರಾವು ಅದಕ್ಕೇನು ಗೊತ್ತು, ಅದಕ್ಕೆ ಕಂಡದ್ದು ನೀರು, ಸೆರಗು ಜಗ್ಗಿತು, ವಿನೋದಾ ಕೈ ಎತ್ತಿದ ಹಾಗೆಯೇ ಬಾಗಿದಳು, ಹುಡುಗಿ ತುದಿಗಾಲಲ್ಲಿ ನಿಂತು ಬಾಟಲಿ ತೆಗೆದುಕೊಂಡು ಅಲ್ಲೇ ಕುಡಿಯತೊಡಗಿತು, ತಲೆ ಹಿಂದಕ್ಕೆ, ಗಂಟಲು ಏರುತ್ತದೆ, ಇಳಿಯುತ್ತದೆ. ಹಾತ್ ಖಾಲೀ ಕರ್, ವಿನೋದಾ, ಚಂದ್ರಬಾಯಿ ಮೆಲ್ಲಗೆ ಹೇಳಿದಳು, ಬೀಸಣಿಗೆ ನಿಂತಿದೆ, ಖಾಲೀ, ಮರಾಠಿಯಲ್ಲಿ ಕೆಳಗೆ, ಬಂದ ಹೊಸತರಲ್ಲಿ ಇದೇ ಚಂದ್ರಬಾಯಿ ಖಾಲೀ ಬಸ್ ಅಂದಾಗ, ಕೆಳಗೆ ಕೂತುಕೋ ಅಂತ ತಿಳಿಯದೆ, ಕಿಟಕಿಯಲ್ಲಿ ಬಗ್ಗಿ ಖಾಲಿ ಬಸ್ಸು ಹುಡುಕಿದವಳು ಇವಳು, ಇವತ್ತು ಮಾತ್ರ ಸರಿಯಾಗಿಯೇ ತಿಳಿಯಿತು, ಕೈ ಖಾಲಿಯಾಗಿದೆ ಬಾಯೀ, ನಮ್ಮ ಭಾಷೆಯ ಖಾಲಿ, ನಿನ್ನದಲ್ಲ, ಸಿಟ್ಟಾಗಬೇಡ, ನೀನು ಕೊಟ್ಟದ್ದನ್ನೇ ಕೊಡುತ್ತಿದ್ದೇನೆ, ನನ್ನ ಹತ್ತಿರ ಬೇರೆ ಏನಿದೆ ಹೇಳು — ರಟ್ಟೆ ನೋಯುತ್ತದೆ, ನಗರಸೇವಕರು ಎಣಿಸಲು ಶುರುಮಾಡಿದರು, ಏಕ್, ಅಂದು ನಿಂತರು, ಗಂಟಲು ಏರುತ್ತದೆ, ಇಳಿಯುತ್ತದೆ, ನೀರು ಗಲ್ಲ ದಾಟಿ ಕತ್ತಿಗೆ ಹರಿಯುತ್ತದೆ, ಆ ಗಂಟಲು, ಆ ಪುಟ್ಟ ಗಂಟಲು, ಏರುತ್ತದೆ —